ರೊಟ್ಟಿ ಬಡಿಯುವ ಊರಿನಲ್ಲಿ ಕರೆಂಟ್ ಮೇಡಂ

ರಾಯದುರ್ಗದಲ್ಲಿ ನನ್ನ ಮೊದಲ ಬೆಳಗು ಹೊಡೆತದ ಸದ್ದಿನಿಂದ ಆರಂಭವಾಯಿತು. ಗೋಡೆಯ ಆಚೆ ಯಾರೋ ಯಾರನ್ನೋ ಒಂದೇ ಸಮನೆ ಬಡಿಯುತ್ತಿದ್ದಂತಿತ್ತು. ಎದ್ದು ಕೂತೆ. ಎಡಗಡೆಯ ಮನೆಯಿಂದಲೂ ಅದೇ ಸದ್ದು. ಬಾಗಿಲು ತೆರೆದರೆ ಎದುರು ಮನೆಯಿಂದಲೂ. ಬೆಳಕು ಹರಿಯುವ ಮುಂಚೆ ಇಡೀ ಬೀದಿ ಏನನ್ನೋ ಬಡಿಯುತ್ತಿತ್ತು, ಆದರೆ ಯಾರೂ ಅಳುತ್ತಿರಲಿಲ್ಲ. ಬಾಯಲ್ಲಿ ಬ್ರಷ್ ಇಟ್ಟುಕೊಂಡೇ ಮನೆಯ ಒಡತಿಯ ಅಡುಗೆಮನೆಗೆ ಇಣುಕಿದೆ. ರುದ್ರಮ್ಮ ಒಲೆಯ ಮುಂದೆ ಕಾಲು ಮಡಚಿ ಕೂತು ಜೋಳದ ರೊಟ್ಟಿ ಬಡಿಯುತ್ತಿದ್ದರು. ಒಂದೊಂದು ಏಟಿಗೂ ಹಿಟ್ಟು ಒಂದಿಷ್ಟು ತಿರುಗುತ್ತಿತ್ತು, ಒಂದಿಷ್ಟು ಅಗಲವಾಗುತ್ತಿತ್ತು.

"ಯಾಕವ್ವ, ಹಂಗ ನೋಡ್ತಿ? ರೊಟ್ಟಿ ನೋಡಿಲ್ಲೇನು?"

"ನೋಡಿದೀನಿ ಕಣಮ್ಮ. ಕೇಳಿರ್ಲಿಲ್ಲ."

ರುದ್ರಮ್ಮ ಸೊಸೆ ಶೈಲಾಳ ಕಡೆ ತಿರುಗಿ ನಕ್ಕರು. "ಕಣಮ್ಮ ಅಂತ ನೋಡ. ಎಷ್ಟು ಚಂದ ಮಾತಾಡ್ತಾಳ ಹುಡುಗಿ, ರೊಟ್ಟಿ ಮಾತ್ರ ಕೇಳಿಲ್ಲಂತ."

ನಾನು ಮಡಕಶಿರದ ಪಕ್ಕದ ಹಳ್ಳಿಯವಳು. ಅಪ್ಪ ಶೇರ್ ಆಟೋ ಓಡಿಸುತ್ತಾರೆ. ಅಮ್ಮ ಸೀಸನ್ನಿನಲ್ಲಿ ಹಿಂದೂಪುರದ ಮಂಡಿಗೆ ಹೋಗುವ ಹುಣಸೆಹಣ್ಣನ್ನು ಮನೆಗೆ ತರಿಸಿಕೊಂಡು ಬೀಜ ಬಿಡಿಸುತ್ತಾರೆ. ಅಪ್ಪನ ಕಡೆ, ಅಮ್ಮನ ಕಡೆ, ಎರಡೂ ಕಡೆಯ ನೆಂಟರಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವಳು ನಾನು. ಹಾಗೆಂದು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಹತ್ತನೇ ತರಗತಿವರೆಗೆ ಕನ್ನಡದಲ್ಲಿ ಓದಿದವಳು ಇಂಗ್ಲಿಷಿನಲ್ಲಿ ಮೂಳೆಗಳ ಹೆಸರು ಬಾಯಿಪಾಠ ಮಾಡುವುದು ಎಂಥ ಕೆಲಸ ಎಂದು ಮಾಡಿದವರಿಗೇ ಗೊತ್ತು. ಓದಿದ್ದು ಫಿಜಿಯೋಥೆರಪಿ. ಅಂದರೆ ಕೆಲಸ ಮರೆತ ಕೈಕಾಲು, ಕತ್ತು, ಸೊಂಟಗಳನ್ನು ಮಾತ್ರೆ, ಸೂಜಿ, ಕತ್ತರಿ ಇಲ್ಲದೆ ಮತ್ತೆ ಕೆಲಸಕ್ಕೆ ಹಚ್ಚುವ ವಿದ್ಯೆ.

ಇದನ್ನು ಬರೆಯಲು ಕಾರಣವಿದೆ. ಇಂಟರ್, ಅಂದರೆ ಕರ್ನಾಟಕದವರ ಪಿಯುಸಿ, ಫಲಿತಾಂಶ ಬಂದ ಕೂಡಲೇ ನಮ್ಮ ಊರಿನ ಕಡೆಯಿಂದ ನನಗೆ ಫೋನು ಶುರುವಾಗುತ್ತದೆ. ಎಲ್ಲರದೂ ಒಂದೇ ಪ್ರಶ್ನೆ: ನಮ್ಮ ಮಗು ಬಯಾಲಜಿ ಇರುವ ಬೈಪಿಸಿ ಮುಗಿಸಿದೆ, ಆ ನಿನ್ನ ಕೋರ್ಸಿಗೆ ಹಾಕಬಹುದಾ, ಹಾಕಿದರೆ ಬದುಕಲಿಕ್ಕಾಗುತ್ತಾ? ಹೋದ ಬೇಸಿಗೆಯಲ್ಲಿ ಅದೇ ಪ್ರಶ್ನೆಯನ್ನು ನನ್ನ ತಂಗಿ ಪವಿತ್ರಾಳೇ ಕೇಳಿದಳು. ಹೊರಗಿನವರಿಗೆ ಫೋನಿನಲ್ಲಿ ಏನಾದರೂ ಹೇಳಿ ಮುಗಿಸಬಹುದು. ತಂಗಿಗೆ ಹಾಗೆ ಹೇಳಲಾಗುವುದಿಲ್ಲ. ನನ್ನನ್ನು ಓದಿಸಲು ಮನೆಯಲ್ಲಿ ಒಂದು ಸೈಟಿತ್ತು. ಅವಳನ್ನು ಓದಿಸಲು ಉಳಿದಿದ್ದುದು ಅಪ್ಪನ ಆಟೋ ಒಂದೇ.

ಮೊದಲು ಊರಿನ ವಿಷಯ ಹೇಳಿಬಿಡುತ್ತೇನೆ.

ನಾನು ರಾಯದುರ್ಗಕ್ಕೆ ಹೊರಟ ದಿನ ಬಸ್ಸಿನ ಕಿಟಕಿಯಲ್ಲಿ ಅತ್ತಾಗ ನಮ್ಮ ಮಾವ ನಕ್ಕಿದ್ದರು. "ದುಬೈಗೆ ಓಗೋಳಂಗೆ ಅಳ್ತಾವ್ಳಲ್ಲ. ರಾಯದುರ್ಗ ಏನು ದೇಶಾಂತರವೇನೆ? ನಮ್ಮ ಅನಂತಪುರ ಜಿಲ್ಲೆನೇ ಅಲ್ವಾ." ಮಾವನ ಮಾತು ಸುಳ್ಳಲ್ಲ. ಆದರೆ ನಾನು ಹೋಗುವ ದಾರಿಯಲ್ಲಿ ಪಾವಗಡ ಬರುತ್ತದೆ, ಪಾವಗಡ ಕರ್ನಾಟಕ. ಆಂಧ್ರದಲ್ಲಿ ಬಸ್ಸು ಹತ್ತಿ, ಕರ್ನಾಟಕದಲ್ಲಿ ಟೀ ಕುಡಿದು, ಮತ್ತೆ ಆಂಧ್ರದಲ್ಲಿ ಇಳಿಯುತ್ತೇನೆ. ಈಗಂತೂ ಜಿಲ್ಲೆಯನ್ನೇ ಒಡೆದು ಮಡಕಶಿರವನ್ನು ಬೇರೆ ಜಿಲ್ಲೆಗೆ ಹಾಕಿದ್ದಾರೆ. ನಮ್ಮ ಬಾಯಿಗೆ ಮಾತ್ರ ಇನ್ನೂ ಎರಡೂ ಅನಂತಪುರವೇ. ಎರಡೂ ಊರಿನ ನೆತ್ತಿಯ ಮೇಲೆ ಕಲ್ಲುಬೆಟ್ಟ, ಬೆಟ್ಟದ ಮೇಲೆ ಹಾಳು ಕೋಟೆ. ಬಸ್ಸಿನಿಂದ ಇಳಿದು ತಲೆಯೆತ್ತಿದಾಗ ಅಬ್ಬ, ಇದಾದರೂ ಇದೆಯಲ್ಲ ಎಂದುಕೊಂಡಿದ್ದೆ. ಬೆಟ್ಟದಿಂದ ಕಣ್ಣು ಕೆಳಗಿಳಿಸಿದರೆ ಎಲ್ಲ ಬೇರೆ. ನಮ್ಮದು ಕೆಂಪು ನೆಲ, ಕಡಲೆಕಾಯಿ, ರಾಗಿ. ಇಲ್ಲಿ ಕಣೇಕಲ್ಲು, ಬೊಮ್ಮನಹಾಳ್ ಕಡೆ ಹೋದರೆ ಕಾಲಿಗೆ ಅಂಟುವ ಕಪ್ಪು ಮಣ್ಣು, ಕಾಲುವೆ ನೀರು, ಕಣ್ಣು ಹಾಯುವಷ್ಟು ಭತ್ತ. ಇವರು ಭತ್ತವನ್ನು ನೆಲ್ಲು ಎನ್ನುತ್ತಾರೆ. ನಮ್ಮ ದುಡ್ಡು ಇಲ್ಲಿ ರೊಕ್ಕ. ಊಟ ಆಯಿತೇ ಎನ್ನಲು ನಮ್ಮ ಹಳ್ಳಿಯಲ್ಲಿ "ಹಿಟ್ಟುಂಡ್ಯಾ" ಎಂದು ಕೇಳುತ್ತೇವೆ. ಮುದ್ದೆ ಇಲ್ಲದ್ದನ್ನು ಊಟವೆಂದು ನಾವು ಲೆಕ್ಕಕ್ಕಿಡುವುದಿಲ್ಲ. ಇಲ್ಲಿ ಬೆಳಿಗ್ಗೆ ಉಗ್ಗಾಣಿ ತಿನ್ನುತ್ತಾರೆ. ಮಂಡಕ್ಕಿಯನ್ನು ನೀರಲ್ಲಿ ಅದ್ದಿ ಹಿಂಡಿ, ಒಗ್ಗರಣೆ ಹಾಕಿ, ಮೇಲೊಂದು ಮೆಣಸಿನಕಾಯಿ ಬಜ್ಜಿ ಇಟ್ಟು ಕೊಡುತ್ತಾರೆ. ಮೊದಲ ವಾರ ಇದೇನು, ಮಂಡಕ್ಕಿ ನೆನೆದುಹೋಗಿದೆಯಲ್ಲ ಎನಿಸಿತ್ತು. ಈಗ ವಾರಕ್ಕೊಮ್ಮೆಯಾದರೂ ಬೇಕು.

ಮನೆ ಸಿಗುವುದೇ ಕಷ್ಟವಾಯಿತು. ಮದುವೆಯಾಗದ ಹುಡುಗಿ ಒಬ್ಬಳೇ ಇರುತ್ತೇನೆ ಎಂದರೆ ಮನೆಯವರು ನನ್ನನ್ನು ಬಿಟ್ಟು ನನ್ನ ಹಿಂದೆ ಯಾರಾದರೂ ನಿಂತಿದ್ದಾರಾ ಎಂದು ನೋಡುತ್ತಿದ್ದರು. ಸಾಲದ್ದಕ್ಕೆ ನನ್ನ ಮಾತು. ಇಲ್ಲಿ ಬರ್ರಿ, ಹೌದ್ರಿ, ಇಲ್ರಿ ಎಂದು ಪ್ರತಿ ಮಾತಿಗೂ ಗೌರವದ ಬಾಲ ಇರಬೇಕು. ನಮ್ಮ ಕಡೆ ದೊಡ್ಡವರಿಗೂ "ಬಾಪ್ಪ, ಕೂತ್ಕೋ" ಎನ್ನುವುದೇ ಪ್ರೀತಿ. ಒಬ್ಬ ಯಜಮಾನರು ನನ್ನ ಎದುರಿಗೇ ಹೆಂಡತಿಗೆ, "ಓದಿದಾಕಿ ಅಂತಾರ, ಮಾತು ಬಿರುಸು ಐತಿ" ಎಂದರು. ಕಡೆಗೆ ರುದ್ರಮ್ಮನವರ ಮನೆಯ ಹಿಂದಿನ ಕೋಣೆ ಸಿಕ್ಕಿತು. ಅವರು ಲಿಂಗಪೂಜೆಯವರು. ಒಂದೇ ಷರತ್ತು ಹಾಕಿದರು.

"ಮಾಂಸ ಮಾಡಂಗಿಲ್ಲವ್ವ. ಹೊರಗ ತಿಂದು ಬಾ, ನಾ ಕೇಳಾಕಿ ಅಲ್ಲ. ಮೂಸಿ ನೋಡಾಕಿನೂ ಅಲ್ಲ."

ನಮ್ಮ ಮನೆಯ ಭಾನುವಾರದ ಕೋಳಿಸಾರು ನೆನೆದು ಒಂದು ಗಳಿಗೆ ಹಿಂಜರಿದೆ. ಆದರೆ ಹೀಗೆ ಮುಖಕ್ಕೆ ಮುಖ ಕೊಟ್ಟು ಮಾತಾಡುವವರು ಆ ಊರಿನಲ್ಲಿ ನನಗೆ ಮೊದಲು ಸಿಕ್ಕಿದ್ದು ಅವರೇ. ಒಪ್ಪಿಕೊಂಡೆ.

ನಾನು ಈ ಊರಿಗೆ ಬಂದದ್ದು ಹೀಗೆ. ನಾಲ್ಕೂವರೆ ವರ್ಷ ತುಮಕೂರಿನಲ್ಲಿ ಓದಿದೆ. ಭಾಷೆ ಹತ್ತಿರ, ಊರು ಹತ್ತಿರ ಎಂದು ಗಡಿ ದಾಟಿ ಸೇರಿಸಿದ್ದರು. ಆದರೆ ಪಕ್ಕದ ರಾಜ್ಯದ ಕಾಲೇಜು, ಅದೂ ಮ್ಯಾನೇಜ್‌ಮೆಂಟ್ ಸೀಟು. ಬಡ ಮಕ್ಕಳಿಗೆ ನಮ್ಮ ಸರ್ಕಾರ ಕಟ್ಟುವ ಫೀಸು ನನಗೆ ಸಿಗಲಿಲ್ಲ. ಸೈಟು ಹೋಯಿತು. ಆಮೇಲೆ ಒಂದು ವರ್ಷ ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಕೆಲಸ ಮಾಡಿದೆ. ಮೊದಲ ಸಂಬಳ ಹೇಳಿದಾಗ ಅಪ್ಪ, "ಒಂದು ಸೊನ್ನೆ ಬಿಟ್ಟೋಯ್ತಾ ಅಮ್ಮಣ್ಣಿ?" ಎಂದು ಕೇಳಿದರು. ಬಿಟ್ಟುಹೋಗಿರಲಿಲ್ಲ. ಪಿಜಿ ಬಾಡಿಗೆ, ಬಸ್ಸು ಕಳೆದರೆ ಉಳಿಯುವುದು ಆಟೋದ ಒಂದು ಟೈರಿಗೆ ಸಾಲುತ್ತಿರಲಿಲ್ಲ. ಅಷ್ಟರಲ್ಲಿ ರಾಯದುರ್ಗದ ಒಬ್ಬ ಮೂಳೆ ಡಾಕ್ಟರು, ನನ್ನ ಕ್ಲಿನಿಕ್ಕಿನ ಪಕ್ಕದ ಕೋಣೆ ಖಾಲಿ ಇದೆ, ಬಾಡಿಗೆ ಬೇಡ, ಬಂದದ್ದರಲ್ಲಿ ಒಂದು ಪಾಲು ಕೊಡು ಎಂದು ಗೆಳತಿಯೊಬ್ಬಳ ಮೂಲಕ ಹೇಳಿಕಳಿಸಿದರು. ದೊಡ್ಡ ಊರಿನಿಂದ ಚಿಕ್ಕ ಊರಿಗೆ ಹೊರಟವಳನ್ನು ನೋಡಿ ನನ್ನ ಜೊತೆಯವರೆಲ್ಲ ಮರುಕಪಟ್ಟರು. ಅವರಿಗೆ ನಾನು ಇವತ್ತು ಹೇಳಬಲ್ಲೆ: ಬೆಂಗಳೂರಿನಲ್ಲಿ ನಾನು ಎರಡನೇ ಮಹಡಿಯ ಫಿಜಿಯೋ, ಇಲ್ಲಿ ನನಗೊಂದು ಹೆಸರಿದೆ.

ಆ ಹೆಸರು ಕರೆಂಟ್ ಮೇಡಂ.

ನನ್ನ ಕೋಣೆಯಲ್ಲಿ ನೋವಿನ ಜಾಗಕ್ಕೆ ಪಟ್ಟಿ ಅಂಟಿಸಿ ಸಣ್ಣಗೆ ವಿದ್ಯುತ್ ಹರಿಸುವ ಮಿಷನ್ ಒಂದಿದೆ. ಚುರುಗುಟ್ಟುತ್ತದೆ, ಸ್ವಲ್ಪ ಹೊತ್ತು ಹಾಯೆನಿಸುತ್ತದೆ. ಅದಕ್ಕೆ ಜನ ತಕರಾರಿಲ್ಲದೆ ದುಡ್ಡು ಕೊಡುತ್ತಾರೆ. ನಿಜವಾಗಿ ಗುಣ ಕೊಡುವುದು ಆಮೇಲೆ ನಾನು ಹೇಳಿಕೊಡುವ ವ್ಯಾಯಾಮ. ಅದಕ್ಕೆ ಯಾರೂ ಕೊಡುವುದಿಲ್ಲ. ಕಣೇಕಲ್ಲಿನಿಂದ ನೆಲ್ಲು ಹಚ್ಚುವ, ಅಂದರೆ ನಾಟಿ ಮಾಡುವ, ಹೆಂಗಸೊಬ್ಬರು ಬಂದಿದ್ದರು. ಭುಜ ಹಿಡಿದುಕೊಂಡಿತ್ತು. ಗೋಡೆಗೆ ಬೆರಳು ಊರಿ ನಿಧಾನಕ್ಕೆ ಮೇಲೆ ಹತ್ತಿಸಿ ಎಂದೆ.

"ಇದಕ್ಕೂ ರೊಕ್ಕ ಕೊಡ್ಬೇಕೇನ್ರಿ?"

"ಹೌದಮ್ಮ, ಇದೇ ಔಷಧಿ."

"ಕೈ ಎತ್ತಿ ಇಳಸಾಕ ರೊಕ್ಕ ಯಾಕ್ರಿ ಕೊಡ್ಲಿ? ಹೊಲದಾಗ ದಿನಾ ಎತ್ತಿದ್ರ ಅವರ ನನಗ ಕೂಲಿ ಕೊಡ್ತಾರ."

ಸುತ್ತ ಕೂತವರೆಲ್ಲ ನಕ್ಕರು. ನಾನೂ ನಕ್ಕೆ.

ರಾಯದುರ್ಗದ ಇನ್ನೊಂದು ಸದ್ದು ಹೊಲಿಗೆ ಮಿಷನ್ನಿನದು. ರೊಟ್ಟಿಯ ಸದ್ದು ನಿಂತ ಮೇಲೆ ಅದು ಶುರು. ಮನೆ ಮನೆಯಲ್ಲಿ, ಶೆಡ್ಡುಗಳಲ್ಲಿ ಜೀನ್ಸ್ ಪ್ಯಾಂಟು ಹೊಲಿಯುತ್ತಾರೆ. ಕೂಲಿ ಪೀಸ್ ಲೆಕ್ಕ, ಎಷ್ಟು ಪ್ಯಾಂಟೋ ಅಷ್ಟು ಕಾಸು. ಹೀಗಾಗಿ ನನ್ನ ಕೋಣೆಗೆ ಹಬ್ಬಕ್ಕೆ ಮುಂಚೆ ಕತ್ತುಗಳು ಬರುತ್ತವೆ, ನಾಟಿ ಮುಗಿದ ಮೇಲೆ ಸೊಂಟಗಳು ಬರುತ್ತವೆ. ನಡುವೆ ಕೆಲವು ತಿಂಗಳು ನಾನೂ ನನ್ನ ಮಿಷನ್ನೂ ಮುಖ ನೋಡಿಕೊಂಡು ಕೂತಿರುತ್ತೇವೆ. ಬಂದ ಹೊಸತರಲ್ಲಿ ಟೈಲರುಗಳಿಗೆ "ವಾರ ಪೂರ್ತಿ ರೆಸ್ಟ್ ತಗೊಳ್ಳಿ" ಎನ್ನುತ್ತಿದ್ದೆ. ತಲೆಯಾಡಿಸಿ ಹೋದವರು ತಿರುಗಿ ಬರುತ್ತಿರಲಿಲ್ಲ. ಪೀಸ್ ಲೆಕ್ಕದವನಿಗೆ ರೆಸ್ಟ್ ಎಂದರೆ ಉಪವಾಸ ಎಂದು ಹೊಳೆಯಲು ನನಗೆ ಬಹಳ ಕಾಲ ಬೇಕಾಯಿತು.

ಹಾಗೆ ಹೊಳೆಸಿದ್ದು ರುದ್ರಮ್ಮ.

ನಾನು ಬಂದ ವರ್ಷ, ಮುಂಗಾರಿನ ಹೊತ್ತು, ಒಂದು ಬೆಳಿಗ್ಗೆ ನನಗೆ ಸದ್ದಿನಿಂದಲ್ಲ, ಸದ್ದಿಲ್ಲದ್ದರಿಂದ ಎಚ್ಚರವಾಯಿತು. ಎಡಗಡೆ ಮನೆಯಲ್ಲಿ ಬಡಿಯುತ್ತಿದ್ದರು, ಎದುರು ಮನೆಯಲ್ಲೂ. ನಮ್ಮ ಗೋಡೆ ಮಾತ್ರ ಸುಮ್ಮನಿತ್ತು. ಹೋಗಿ ನೋಡಿದರೆ ರುದ್ರಮ್ಮ ನಾದಿದ ಹಿಟ್ಟಿನ ಮುಂದೆ ವಾಲಿಕೊಂಡು ಕೂತಿದ್ದರು. ಬಾಯಿ ಒಂದು ಕಡೆಗೆ ಎಳೆದಿತ್ತು. ಲಕ್ವ ಹೊಡೆದಿತ್ತು. ಅವರ ಮಗನನ್ನು ಎಬ್ಬಿಸಿ, ತಡ ಮಾಡದೆ ಬಳ್ಳಾರಿಗೆ ಕಳಿಸಿದೆವು. ಜೀವ ಉಳಿಯಿತು. ಮಾತು ಬೇಗ ಮರಳಿತು, ಕಾಲೂ ಒಂದು ಮಟ್ಟಕ್ಕೆ ಬಂತು. ಬಲಗೈ ಮಾತ್ರ ಯಾರೋ ಮರೆತು ಬಿಟ್ಟುಹೋದ ಸಾಮಾನಿನ ಹಾಗೆ ತೊಡೆಯ ಮೇಲೆ ಬಿದ್ದಿರುತ್ತಿತ್ತು. ಅವರು ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡು ಕೂರುತ್ತಿದ್ದರು.

ನನ್ನ ಮನೆಯೊಳಗೇ ನನ್ನ ವಿದ್ಯೆಗೆ ಕೆಲಸ ಬಂತು ಎಂದುಕೊಂಡೆ. ಬಳ್ಳಾರಿಯ ಡಾಕ್ಟರು ಬರೆದುಕೊಟ್ಟಂತೆ ದಿನಾ ಭುಜ, ಮೊಣಕೈ, ಬೆರಳು ಆಡಿಸುತ್ತಿದ್ದೆ. ಒಂದು ದಿನ ಹಳದಿ ಬಣ್ಣದ ಮೆತ್ತನೆಯ ಚೆಂಡು ತಂದು ಅಂಗೈಯಲ್ಲಿಟ್ಟೆ.

"ಇದನ್ನ ಹಿಸುಕ್ತಾ ಇರಿ ಅಮ್ಮ. ಟಿವಿ ನೋಡ್ತಾನೂ ಮಾಡಬೌದು."

ಅವರು ಚೆಂಡನ್ನು ನೋಡಿದರು. ಬಾಗಿಲಲ್ಲಿ ನಿಂತ ಸೊಸೆಯನ್ನು ನೋಡಿದರು. ಎಡಗೈಯಿಂದ ಚೆಂಡು ತೆಗೆದು ನನಗೇ ವಾಪಸ್ಸು ಕೊಟ್ಟರು.

"ಚೆಂಡಾಟ ಆಡಾಕ ನಾ ಏನು ಸಣ್ಣ ಹುಡುಗೀನಾ? ಸೊಸಿ ಮುಂದ ಇದೊಂದು ಬಾಕಿ ಇತ್ತು ನೋಡ. ಕರೆಂಟ್ ಇಡವ್ವ, ರೊಕ್ಕ ಕೊಡ್ತೀನಿ. ಕೈ ಬಂದ್ರ ಬಂತು, ಇಲ್ಲಂದ್ರ ಶಿವ ಇಟ್ಟಂಗ."

ಚೆಂಡು ಮಾತ್ರವಲ್ಲ, ನಾನು ಹೇಳಿದ ಯಾವುದನ್ನೂ ನಾನಿಲ್ಲದಾಗ ಅವರು ಮಾಡಲಿಲ್ಲ. ಕೈ ಬಿಗಿಯುತ್ತ ಬಂತು. ಓದಿದ್ದೇನೆ, ಪಕ್ಕದ ಕೋಣೆಯಲ್ಲೇ ಇದ್ದೇನೆ, ಮನೆಯಾಕೆಯ ಕೈ ಕಣ್ಣೆದುರಿಗೇ ಹೋಗುತ್ತಿದೆ. ಆ ದಿನಗಳಲ್ಲಿ ಅಮ್ಮನಿಗೆ ಫೋನು ಮಾಡಿದರೆ ಅಳು ಬರುತ್ತದೆ ಎಂದು ಮಾಡುತ್ತಿರಲಿಲ್ಲ. ಮಾಡಿದರೂ ಏನು ಹೇಳಲಿ? ಸೈಟು ಮಾರಿ ಕಲಿತದ್ದನ್ನು ಇಲ್ಲಿ ಒಬ್ಬರೂ ಬೇಕೆನ್ನುತ್ತಿಲ್ಲ ಎಂದು ಹೇಳಲಾ?

ಹೀಗಿರುವಾಗ ಒಂದು ದಿನ ಶೈಲಾ ತವರಿಗೆ ಹೋಗಿದ್ದಳು. ಕ್ಲಿನಿಕ್ಕಿನಿಂದ ಮಧ್ಯಾಹ್ನ ಹಸಿದು ಬಂದೆ. ರುದ್ರಮ್ಮನೂ ಉಂಡಿರಲಿಲ್ಲ. ನಾನೇ ರೊಟ್ಟಿ ಮಾಡುತ್ತೇನೆ ಎಂದು ಕೂತೆ. ಮುದ್ದೆಯಾದರೆ ನಾನು ಕಣ್ಣು ಮುಚ್ಚಿ ತಿರುವುತ್ತೇನೆ. ಪಾತ್ರೆಯನ್ನು ಕಾಲಲ್ಲಿ ಒತ್ತಿ ಹಿಡಿದು, ಎರಡೂ ಕೈಯಲ್ಲಿ ಕೋಲು ಹಿಡಿದು, ಇಡೀ ಮೈಯ ಬಲ ಹಾಕಬೇಕಾದ ಕೆಲಸ ಅದು. ಅದೇ ಬಲವನ್ನು ಜೋಳದ ಹಿಟ್ಟಿನ ಮೇಲೆ ಹಾಕಿದೆ. ಉಂಡೆ ಸೀಳಿತು. ಸೇರಿಸಿ ಮತ್ತೆ ಬಡಿದೆ. ಅಂಚು ಬಿಟ್ಟು ಹೋಯಿತು. ಎತ್ತಿ ಹೆಂಚಿಗೆ ಹಾಕುವಷ್ಟರಲ್ಲಿ ಅರ್ಧ ಕೈಯಲ್ಲಿ ಉಳಿಯಿತು.

ರುದ್ರಮ್ಮ ಗೋಡೆಗೊರಗಿ ಎಷ್ಟು ಹೊತ್ತು ಸಹಿಸಿಕೊಂಡಿದ್ದರೋ. "ಅಯ್ಯ, ಹಿಟ್ಟಿನ ಮರ್ಯಾದಿ ತೆಗಿಬ್ಯಾಡ, ಸರಿ ಅತ್ಲಾಗ" ಎಂದು ತೆವಳಿಕೊಂಡು ಬಂದರು. ಎಡಗೈಯಿಂದ ಹಿಟ್ಟು ಎಳೆದುಕೊಂಡರು. ಒಂದು ಕೈಯಲ್ಲಿ ಆಗಲಿಲ್ಲ. ಆಗ ಎಡಗೈಯೇ ಹೋಗಿ ಬಲಗೈಯನ್ನು ಸೆರಗಿನೊಳಗಿಂದ ಎತ್ತಿ ತಂದು ಹಿಟ್ಟಿನ ಮೇಲೆ ಇಟ್ಟಿತು. ಸತ್ತ ಕೈಯ ಮೇಲೆ ಬದುಕಿದ ಕೈ ಇಟ್ಟು ಒತ್ತಿದರು. ತಿರುಗಿಸಲು ನೋಡಿದರು. ಬಲಗೈಯ ಹೆಬ್ಬೆರಳು ಅಲುಗಿತು. ನನ್ನ ಕಣ್ಣಿಗೆ ಬಿದ್ದದ್ದು ಅವರಿಗೆ ಗೊತ್ತಾಗಲಿಲ್ಲ. ಅವರ ಗಮನವೆಲ್ಲ ಸೀಳಿದ ಅಂಚಿನ ಮೇಲಿತ್ತು.

ನಾನು ಬಾಯಿ ಮುಚ್ಚಿಕೊಂಡು ಕೂತೆ. "ಕೈ ಅಲುಗಿತು" ಎಂದಿದ್ದರೆ ಅವರು ಕೈಯನ್ನು ಮತ್ತೆ ಸೆರಗಿನೊಳಗೆ ಇಟ್ಟುಕೊಳ್ಳುತ್ತಿದ್ದರು.

ಮಾರನೆಯ ದಿನದಿಂದ ನಾನು ರೊಟ್ಟಿ ಕಲಿಯುವ ಶಿಷ್ಯೆಯಾದೆ. ಬಿಸಿನೀರು ಹೊಯ್ದು ನಾದುವುದು, ಉಂಡೆ ಮಾಡುವುದು, ಬಡಿಯುವುದು, ಒದ್ದೆ ಬಟ್ಟೆಯಿಂದ ಮೇಲೆ ನೀರು ಸವರುವುದು. ಪ್ರತಿಯೊಂದಕ್ಕೂ "ಇಲ್ಲಿ ಹೆಂಗಮ್ಮ? ಕೈ ಇಟ್ಟು ತೋರ್ಸಿ" ಎನ್ನುತ್ತಿದ್ದೆ. ಯಾವ ಬೆರಳಿಗೆ ಏನು ಬೇಕೋ ಅದೇ ಕೆಲಸದಲ್ಲಿ ನನಗೆ ಸಂದೇಹ ಬರುತ್ತಿತ್ತು. ಅವರು ಬೈಯುತ್ತ ಬೈಯುತ್ತ ಎರಡೂ ಕೈ ಹಚ್ಚುತ್ತಿದ್ದರು. ನನಗೆ ಕೆಲವೇ ದಿನದಲ್ಲಿ ರೊಟ್ಟಿ ಬಂದುಬಿಟ್ಟಿತು. ಆಮೇಲೆ ಬೇಕೆಂದೇ ಕೆಡಿಸಿದೆ. ಕಡಲೆ ಬಿತ್ತನೆಯ ಹೊತ್ತಿಗೆ ಒಂದು ಸಂಜೆ ಅವರು ಬಡಿಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು.

"ನಿನಗ ರೊಟ್ಟಿ ಬರ್ತೈತಿ."

"ಬರ್ತೈತಿ ಅವ್ವ."

"ಸುಳ್ಳಿ. ಯಾವಾಗಿಂದ?"

"ಬಹಳ ದಿನ ಆತು."

ನನ್ನ ಬಾಯಿಂದ 'ಆತು' ಬಂದದ್ದು ಅವತ್ತೇ ಮೊದಲು. ಅವರು ಬೈಯಲಿಲ್ಲ. ಬಲಗೈಯನ್ನು ಮುಖದ ಮುಂದೆ ತಂದುಕೊಂಡು ಹಿಂದೆ ಮುಂದೆ ತಿರುಗಿಸಿ, ಹೊಸ ಬಳೆ ನೋಡುವ ಹಾಗೆ ನೋಡಿದರು. ಆಮೇಲೆ ಉಳಿದ ರೊಟ್ಟಿ ಬಡಿದು ಮುಗಿಸಿದರು. ಮೊದಲಿನ ಹಾಗೆ ದುಂಡಗೆ ಬರುವುದಿಲ್ಲ, ಈಗಲೂ ಬರುವುದಿಲ್ಲ. ಸದ್ದೂ ಮೊದಲಿನ ಹಾಗಿಲ್ಲ, ಒಂದು ಏಟು ಜೋರು, ಒಂದು ಮೆಲ್ಲಗೆ. ಆದರೆ ಬೆಳಿಗ್ಗೆ ಗೋಡೆಯಾಚೆ ಆ ಎಡವುವ ಸದ್ದು ಕೇಳಿದಾಗ ನನಗೆ ಡಿಗ್ರಿ ಸಿಕ್ಕ ದಿನಕ್ಕಿಂತ ಹೆಚ್ಚು ಹೆಮ್ಮೆಯಾಗುತ್ತದೆ.

ಅಂದಿನಿಂದ ನನ್ನ ಕೋಣೆಗೆ ಯಾರು ಬಂದರೂ ಎಲ್ಲಿ ನೋವು ಎಂದು ಮೊದಲು ಕೇಳುವುದಿಲ್ಲ. ಏನು ಕೆಲಸ ಮಾಡುತ್ತೀರಿ, ಮಾಡಿ ತೋರಿಸಿ ಎನ್ನುತ್ತೇನೆ. ಟೈಲರುಗಳ ಶೆಡ್ಡಿಗೇ ಹೋದೆ. ಸ್ಟೂಲು ತಗ್ಗು, ಮಿಷನ್ನು ಎತ್ತರ. ಕತ್ತರಿಸಿ ಉಳಿದ ಜೀನ್ಸ್ ತುಂಡುಗಳನ್ನೇ ತುಂಬಿ ದಿಂಬು ಮಾಡಿಸಿ ಕೂರಲು ಹಾಕಿಸಿದೆ. ದಾರದ ಬಾಬಿನ್ ಬದಲಿಸುವಾಗೆಲ್ಲ ಕತ್ತು ತಿರುಗಿಸಿ ಎಂದೆ. ಹೇಗೂ ಮಿಷನ್ನು ನಿಂತಿರುತ್ತದೆ, ಪೀಸ್ ಕಡಿಮೆಯಾಗುವುದಿಲ್ಲ. ಅವರು ಮಾಡಿದರು. "ಕರೆಂಟ್ ಇಲ್ದ ಕರೆಂಟ್ ಮೇಡಂ" ಎಂದು ಚೇಷ್ಟೆ ಮಾಡುತ್ತಲೇ ತಮ್ಮ ಮನೆಯವರನ್ನೂ ಕಳಿಸಿದರು.

ಇಷ್ಟು ಹೇಳಿ ನಿಲ್ಲಿಸಿದರೆ ನೀವು ಮಕ್ಕಳನ್ನು ಈ ಕೋರ್ಸಿಗೆ ಹಾಕಿಬಿಡುತ್ತೀರಿ. ಅದಕ್ಕೇ ನಮ್ಮ ಅಪ್ಪ ಬಂದ ದಿನದ ಮಾತು ಹೇಳಬೇಕು.

ಹೋದ ಬೇಸಿಗೆಯಲ್ಲಿ ಅಪ್ಪ ಪವಿತ್ರಾಳನ್ನು ಕರೆದುಕೊಂಡು ಬಂದರು. ಆಟೋದವರಿಗೆ ಬಸ್ಸಿನಲ್ಲಿ ಕೂರುವುದೆಂದರೆ ಹಿಂಸೆ. ದಾರಿಯುದ್ದಕ್ಕೂ ಡ್ರೈವರನ ತಪ್ಪು ಎಣಿಸಿಕೊಂಡು ಬಂದಿದ್ದರು. ರುದ್ರಮ್ಮ ಊಟಕ್ಕೆ ಕೂರಿಸಿ, ರೊಟ್ಟಿ, ಪುಂಡಿಸೊಪ್ಪಿನ ಪಲ್ಯ, ಗುರೆಳ್ಳು ಪುಡಿ ಬಡಿಸಿದರು. ಅಪ್ಪ ರೊಟ್ಟಿಯನ್ನು ತಿರುಗಿಸಿ ನೋಡಿದರು.

"ನಿಮ್ಮ ಮಗಳು ನನ್ನ ಕೈಲೆ ಬಡಿಸಿದ ರೊಟ್ಟಿರಿ ಅದು" ಎಂದರು ರುದ್ರಮ್ಮ. "ಸತ್ತ ಕೈಲೆ ಬಡಿದದ್ದು. ಸೊಟ್ಟ ಐತಿ, ಸೈರಿಸ್ಕೋರಿ."

ಊಟವಾದ ಮೇಲೆ ಹೊರಗಿನ ಕಟ್ಟೆಯ ಮೇಲೆ ಮೂವರೇ ಕೂತೆವು. ಅಪ್ಪ ಕೇಳಿದರು. "ಆ ಯಮ್ಮನ ಕೈಗೆ ಎಷ್ಟು ತಗೊಂಡೆ?"

"ಬಾಡಿಗೆ ಬ್ಯಾಡ ಅಂದ್ರು, ನಾನು ಒಪ್ಪಲಿಲ್ಲ. ದಿನಾ ಎರಡು ರೊಟ್ಟಿ ಕೊಡ್ತಾರೆ."

"ನಾಲ್ಕೂವರೆ ವರ್ಷ ಓದಿ, ಸೈಟು ಮಾರಿ, ಎರಡು ರೊಟ್ಟಿ."

ಪವಿತ್ರಾ ನಕ್ಕಳು. ಅಪ್ಪ ನಗಲಿಲ್ಲ. "ನೀನು ಎಂಗೋ ನಿಂತ್ಕೊಂಡೆ, ಸಂತೋಷ. ಈಗ ಇವಳೂ ಅದೇ ಓದ್ತೀನಿ ಅಂತಾವ್ಳೆ. ನನ್ ತಾವ ಇರೋದು ಆಟೋ. ಅದನ್ನ ಮಾರ್ಲಾ ಬ್ಯಾಡ್ವಾ, ನೀನೇ ಯೋಳು. ಓದಿರೋಳು ನೀನು."

ಇದ್ದದ್ದು ಇದ್ದ ಹಾಗೆ ಹೇಳಿದೆ. ನನ್ನ ಜೊತೆ ಓದಿದವರಲ್ಲಿ ಇಬ್ಬರು ಪರೀಕ್ಷೆ ಮೇಲೆ ಪರೀಕ್ಷೆ ಬರೆದು ವಿದೇಶಕ್ಕೆ ಹೋದರು, ಚೆನ್ನಾಗಿದ್ದಾರೆ. ಒಬ್ಬಳು ಬ್ಯಾಂಕ್ ಪರೀಕ್ಷೆ ಬರೆದು ಈ ಕಡೆ ತಿರುಗಿಯೂ ನೋಡುವುದಿಲ್ಲ. ಒಬ್ಬಳು ಬ್ಯೂಟಿ ಪಾರ್ಲರ್ ಇಟ್ಟಿದ್ದಾಳೆ. ಉಳಿದವರು ನನ್ನ ಹಾಗೆ. ಸರ್ಕಾರಿ ಕೆಲಸ ಬೆರಳೆಣಿಕೆ. ಮೊದಲ ಕೆಲವು ವರ್ಷ ಜೀನ್ಸ್ ಹೊಲಿಯುವವನ ಕೂಲಿ ನಮ್ಮ ಸಂಬಳಕ್ಕಿಂತ ಹೆಚ್ಚು. ಬೇರೆಯವರ ಸೊಂಟ ಎತ್ತಿ ಎತ್ತಿ ನಮ್ಮ ಸೊಂಟ ಹೋಗುತ್ತದೆ. ನನ್ನ ಹೆಬ್ಬೆರಳು ಚಳಿಗಾಲದಲ್ಲಿ ಈಗಲೇ ನೋಯುತ್ತದೆ. ಮದುವೆ ಮನೆಯಲ್ಲಿ "ನೀನು ಅರ್ಧ ಡಾಕ್ಟರಾ, ಪೂರ್ತಿನಾ" ಎಂದು ಕೇಳುತ್ತಾರೆ. ಈಗ ನನ್ನ ಸಂಪಾದನೆ ಬೆಂಗಳೂರಿಗಿಂತ ವಾಸಿ, ಮನೆಗೂ ಕಳಿಸುತ್ತೇನೆ. ಆದರೆ ಮಾರಿದ ಸೈಟಿನಂಥದ್ದನ್ನು ಮತ್ತೆ ಕೊಳ್ಳುವ ಮಾತು ಇನ್ನೂ ದೂರ.

ಅಪ್ಪ ತಲೆ ತಗ್ಗಿಸಿ ಕೇಳುತ್ತಿದ್ದರು. ಪವಿತ್ರಾಳ ಮುಖ ಸಣ್ಣದಾಯಿತು. "ಅಂದ್ರೆ ಬ್ಯಾಡ ಅಂತೀಯಾ ಅಕ್ಕ?"

"ಆಟೋ ಮಾರಿ ಓದೋ ಓದಲ್ಲ ಇದು ಅಂತೀನಿ. ನಮ್ಮ ರಾಜ್ಯದಲ್ಲೇ ಮೆರಿಟ್ ಮೇಲೆ ಕೊಡೋ ಕನ್ವೀನರ್ ಸೀಟು ಸಿಕ್ಕಿ, ಸರ್ಕಾರ ಫೀಸು ಕಟ್ಟಿದ್ರೆ ಓದು. ಊಟದ ಖರ್ಚು ನನ್ನದು. ಸೀಟು ಸಿಗದಿದ್ರೆ ಬೇರೆ ಡಿಗ್ರಿ ಮಾಡು, ಅಳಬ್ಯಾಡ."

ಅವಳು ಬಿಡಲಿಲ್ಲ. ಅವಳು ಯಾವತ್ತೂ ಬಿಡುವವಳಲ್ಲ. "ಅದಿರ್ಲಿ. ನೀನೇ ಈಗ ಇಂಟರ್ ಮುಗಿಸಿರೋಳಾಗಿದ್ದು, ಯಾವ ಕೋರ್ಸು ಬೇಕೋ ಮತ್ತೆ ಆರಿಸ್ಕೋ ಅಂದಿದ್ರೆ?"

ಒಳಗೆ ರುದ್ರಮ್ಮ ಬಲಗೈಯಲ್ಲೇ ಪಾತ್ರೆ ಎತ್ತಿಡಲು ನೋಡುತ್ತಿದ್ದರು. ಒಂದು ಬಿತ್ತು. ಶೈಲಾ, "ನಾ ಮಾಡ್ತೀನಿ ಬಿಡತ್ತಿ" ಎಂದಳು. "ಬಿಡು, ಬಿದ್ರ ಬೀಳಲಿ, ನನ್ನ ಕೈಗೆ ನಾ ಕಲಿಸ್ತೀನಿ" ಎಂದರು ರುದ್ರಮ್ಮ.

"ಇದನ್ನೇ" ಎಂದೆ. ಯೋಚಿಸಿ ಹೇಳಿದ್ದಲ್ಲ, ಬಾಯಿಗೆ ಬಂತು.

ಅಪ್ಪನ ಆಟೋದ ಹಿಂದೆ ನನ್ನ ಹೆಸರಿದೆ, ಹೆಸರಿನ ಮುಂದೆ ನನ್ನ ಡಿಗ್ರಿ ಬಿ.ಪಿ.ಟಿ. ಎಂದು ಬರೆಸಿದ್ದಾರೆ. ಅದೇನು ಎಂದು ಕೇಳಿದ ಪ್ರಯಾಣಿಕರಿಗೆಲ್ಲ ಊರು ಬರುವವರೆಗೂ ವಿವರಿಸುತ್ತಾರಂತೆ. ಕೇಳದವರಿಗೂ ವಿವರಿಸುತ್ತಾರೆ ಎಂದು ಅಮ್ಮ ಹೇಳುತ್ತಾರೆ.

"ಸೀಟು ಸಿಕ್ರೆ ನೋಡಾನ" ಎಂದರು ಅಪ್ಪ. "ಪೇಂಟರ್‌ಗೆ ಆವತ್ತೇ ಯೋಳಿದ್ದೆ. ಕೆಳಗೆ ಇನ್ನೊಂದು ಹೆಸ್ರಿಗೆ ಜಾಗ ಬಿಡು ಅಂತ. ಬಿಟ್ಟವ್ನೆ."

ಸೀಟು ಸಿಕ್ಕಿತು. ನಮ್ಮ ಕಡೆಯಲ್ಲ, ಸಮುದ್ರದ ಹತ್ತಿರದ ಊರು, ರೈಲಿನಲ್ಲಿ ಒಂದು ರಾತ್ರಿಯ ದಾರಿ. ನಮ್ಮ ತೆಲುಗು ಕೇಳಿದರೆ ಅಲ್ಲಿನವರು ನಗುತ್ತಾರಂತೆ. ಮೊದಲ ವಾರ ಫೋನು ಮಾಡಿ, "ಅಕ್ಕ, ಇಲ್ಲಿ ಹಿಟ್ಟೂ ಇಲ್ಲ, ರೊಟ್ಟಿನೂ ಇಲ್ಲ, ಮೂರೊತ್ತೂ ಅನ್ನ" ಎಂದು ಅತ್ತಳು. ಅಲ್ಲಿನವರು ಕೈಯಲ್ಲಿ ಏನು ಕೆಲಸ ಮಾಡುತ್ತಾರೆ ನೋಡು, ಅದನ್ನು ಕಲಿ ಎಂದೆ. ಬಲೆ ಹೆಣೆಯುತ್ತಾರೆ ಎಂದಳು. ಹಾಗಾದರೆ ಬಲೆ ಹೆಣೆಯುವುದನ್ನು ಕಲಿ ಎಂದೆ.

ಊರಿನಿಂದ ಫೋನು ಮಾಡುವವರಿಗೆ ನನ್ನ ಉತ್ತರವೂ ಅಪ್ಪನಿಗೆ ಹೇಳಿದ್ದೇ. ಮಾರಿ ಓದಿಸಬೇಡಿ. ಸೀಟು ಸಿಕ್ಕರೆ ತಡೆಯಬೇಡಿ.

ನಾನಂತೂ ಈ ವಿದ್ಯೆಗೆ, ಈ ಊರಿಗೆ ಋಣಿ. ಹಬ್ಬಕ್ಕೆ ಮನೆಗೆ ಹೋದಾಗ ಹೊರಗಿಂದ ಬಂದ ಅಪ್ಪನಿಗೆ "ಬರ್ರಿ" ಎಂದುಬಿಟ್ಟೆ. ಅಮ್ಮ ಹುಣಸೆಹಣ್ಣು ಕೆಳಗಿಟ್ಟು, "ಅಪ್ಪಂಗೇ ಬರ್ರಿ ಅಂತಾವ್ಳೆ, ಇವಳು ಕೈತಪ್ಪಿ ಓಗ್ಬುಟ್ಲು ಕಣ್ರಪ್ಪ" ಎಂದು ನಕ್ಕರು. ಅಲ್ಲಿ ಬೆಳಿಗ್ಗೆ ಬೇಗ ಎಚ್ಚರವಾಗಿ ಗೋಡೆಗೆ ಕಿವಿ ಕೊಟ್ಟು ಮಲಗಿರುತ್ತೇನೆ, ಯಾವ ಸದ್ದೂ ಬರುವುದಿಲ್ಲ. ಇಲ್ಲಿ ರುದ್ರಮ್ಮ ಬೇರೆಯವರಿಗೆ ನನ್ನನ್ನು ತೋರಿಸುವಾಗ ಇಂದಿಗೂ "ನಮ್ಮ ಮಡಕಶಿರದಾಕಿ" ಎನ್ನುತ್ತಾರೆ. ನಮ್ಮ ಎನ್ನುವುದೂ ಅವರೇ, ಮಡಕಶಿರದಾಕಿ ಎನ್ನುವುದೂ ಅವರೇ.

ಹೋಗುವಾಗ ಚೀಲದಲ್ಲಿ ರುದ್ರಮ್ಮ ಕಟ್ಟಿಕೊಟ್ಟ ಒಣ ರೊಟ್ಟಿ ಇರುತ್ತದೆ, ಬರುವಾಗ ಅಮ್ಮ ಬೀಸಿಸಿಕೊಟ್ಟ ರಾಗಿಹಿಟ್ಟು. ಪಾವಗಡದಲ್ಲಿ ಬಸ್ಸು ನಿಂತಾಗ ಪಕ್ಕದ ಸೀಟಿನವರು ಯಾವೂರಮ್ಮ ನಿಮ್ದು ಎಂದು ಕೇಳುತ್ತಾರೆ. ಮನೆಗೆ ಹೋಗುವಾಗ ರಾಯದುರ್ಗ ಎನ್ನುತ್ತೇನೆ. ವಾಪಸ್ಸು ಬರುವಾಗ ಮಡಕಶಿರ ಎನ್ನುತ್ತೇನೆ.